ಕಲೆ ಹೋಯ್ತು, ಆದರೆ ಎಲ್ಲಿಗೆ?

"ಕಲೆ ಹೋಯ್ತಾ?" ಅಂತ ಕೇಳ್ತೀವಿ. "ಹೋಯ್ತು" ಅಂತ ಉತ್ತರ ಬರುತ್ತೆ. ಅಲ್ಲಿಗೆ ಮಾತು ಮುಗೀತು. ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳೋದಿಲ್ಲ. ಮನೆಗೆ ಬಂದ ನೆಂಟರು ಹೊರಟರೆ ಬಸ್ಸು ಸಿಕ್ತಾ, ಊರು ಮುಟ್ಟಿದ್ರಾ ಅಂತ ಎರಡು ಸಲ ಫೋನ್ ಮಾಡುವ ನಾವು, ಕಲೆಯ ವಿಷಯದಲ್ಲಿ ಮಾತ್ರ ಹೊಸ್ತಿಲು ದಾಟಿಸಿ ಚಿಲಕ ಹಾಕಿಬಿಡ್ತೀವಿ.

ಈ ಪ್ರಶ್ನೆ ನನಗೆ ಗಂಟುಬಿದ್ದದ್ದು ತೀರಾ ಲೌಕಿಕವಾದ ಕಾರಣಕ್ಕೆ. ಬಟ್ಟೆ, ಸೋಫಾ, ಜಮಖಾನದ ಮೇಲಿನ ಕಲೆಗಳನ್ನು ತೆಗೆಯೋಕೆ ಮನೆಯಲ್ಲೇ ಕಡಿಮೆ ಖರ್ಚಿನಲ್ಲಿ ಏನಾದರೂ ಮಾಡಿಕೊಳ್ಳಬಹುದಾ ಅಂತ ಕೆಲವು ತಿಂಗಳು ಪ್ರಯೋಗ ಮಾಡ್ತಾ ಇದ್ದೆ. ಸೂಪರ್ ಮಾರ್ಕೆಟ್ಟಿನಲ್ಲಿ ಸೋಫಾಕ್ಕೊಂದು, ಕಾರ್ಪೆಟ್ಟಿಗೊಂದು, ಬಿಳಿ ಬಟ್ಟೆಗೊಂದು, ಬಣ್ಣದ ಬಟ್ಟೆಗೊಂದು ಬಾಟಲಿ ಸಾಲಾಗಿ ಕೂತಿರುತ್ತವೆ. ನಾಲ್ಕನ್ನೂ ತಂದರೆ ಆ ದುಡ್ಡಿನಲ್ಲಿ ವಾರದ ತರಕಾರಿ ಬರುತ್ತೆ. ಹಳ್ಳಿಯಲ್ಲಿ ಬೆಳೆದವನಿಗೆ ಇಂಥ ಲೆಕ್ಕ ಬೇಡವೆಂದರೂ ತಲೆಗೆ ಬರುತ್ತೆ. ಹಾಗೆ ದುಡ್ಡು ಉಳಿಸುವ ದಾರಿ ಹುಡುಕುತ್ತಾ ಹೋದಾಗ ಕೊನೆಗೆ ಎದುರಾದದ್ದು ಬೇರೆಯೇ ಲೆಕ್ಕ: ನಾನು ಸ್ವಚ್ಛವಾಗಿ ಕಾಣೋದಕ್ಕೆ ಆಗುವ ಖರ್ಚನ್ನು ನಿಜಕ್ಕೂ ಕಟ್ಟುತ್ತಿರೋರು ಯಾರು?

ಮೊದಲು ನನ್ನ ಬಾಟಲಿಗಳ ಕಥೆ ಹೇಳಿಬಿಡ್ತೀನಿ. ಅದು ಗೊತ್ತಿಲ್ಲದೆ ಮುಂದಿನದು ಬರೀ ಉಪದೇಶ ಆಗುತ್ತೆ.

ನಾವಿರೋದು ಬ್ಯಾಡರಹಳ್ಳಿಯಲ್ಲಿ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಮುಂದೆ ಬಂದರೆ ಸಿಗುತ್ತೆ. ಹುಲಿಯೂರುದುರ್ಗದ ಕಡೆಯ ನಮ್ಮೂರಿನ ಬಸ್ಸು ಮಾಗಡಿ ಮೇಲೆ ಹಾದು ಇದೇ ರಸ್ತೆಯಲ್ಲಿ ಬರೋದರಿಂದ ಬೆಂಗಳೂರಿನ ಈ ತುದಿ ನಮ್ಮ ಕಡೆಯವರಿಗೆ ಅರ್ಧ ಊರಿದ್ದ ಹಾಗೆ. ಬಾಡಿಗೆ ಮನೆ, ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟಿರುತ್ತೆ. ಈ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಸೋಪು ಹಾಕಿದರೆ ಅವೆರಡರ ಜೊತೆ ಸೇರಿ ಮೊಸರೊಡೆದ ಹಾಗೆ ಆಗುತ್ತೆ ಹೊರತು ನೊರೆ ಬರೋದಿಲ್ಲ. ಒಂದು ಬಕೆಟ್ಟಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿದರೆ ನೀರು ಮೆದುವಾಗಿ, ಅರ್ಧ ಸೋಪಿನಲ್ಲಿ ಕೆಲಸ ಮುಗಿಯುತ್ತೆ. ಇದು ನಾನು ಕಲಿತ ಮೊದಲ ಪಾಠ. ಅದೂ ಹೊಸದೇನಲ್ಲ. ನಮ್ಮೂರ ಮಡಿವಾಳರು ಕೆರೆಯಂಚಿನ ಚೌಳು ಮಣ್ಣು ತಂದು ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದರಲ್ಲ, ಆ ಚೌಳಿನಲ್ಲಿ ಇರೋದೂ ಬಹುಪಾಲು ಇದೇ ಸೋಡಾ.

ಉಳಿದ ಪಟ್ಟಿ ಇಷ್ಟೇ. ಅಡುಗೆ ಸೋಡಾ, ಬಿಳಿ ವಿನೆಗರ್, ಪಾತ್ರೆ ತೊಳೆಯುವ ಲಿಕ್ವಿಡ್, ಉಪ್ಪು, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ (ಬಾಟಲಿ ಮೇಲೆ ಶೇ 6 ಅಂತಿದ್ದರೆ ಅಷ್ಟೇ ನೀರು ಬೆರೆಸಬೇಕು), ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅಂಟುವಾಳ ಕಾಯಿ.

ಸೋಫಾ, ಕಾರ್ಪೆಟ್ಟಿಗೆ: ಒಂದು ಲೋಟ ಉಗುರುಬೆಚ್ಚಗಿನ ನೀರು, ಅರ್ಧ ಟೀ ಚಮಚ ಪಾತ್ರೆ ಲಿಕ್ವಿಡ್, ಒಂದು ದೊಡ್ಡ ಚಮಚ ವಿನೆಗರ್. ಬಿಳಿ ಬಟ್ಟೆ ಅದ್ದಿ ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬರಬೇಕು. ಉಜ್ಜಿದರೆ ಕಲೆ ಹರಡುತ್ತೆ. ಆಮೇಲೆ ಬರೀ ನೀರಿನಲ್ಲಿ ಒತ್ತಿ, ಒಣ ಬಟ್ಟೆಯಲ್ಲಿ ಹೀರಿಸಬೇಕು. ಕಾಫಿ, ಟೀ ಕಲೆಗೂ ಇದೇ ಸಾಕು. ಎಣ್ಣೆ ಕಲೆಗೆ ನೀರು ಮುಟ್ಟಿಸುವ ಮೊದಲು ಕಡಲೆಹಿಟ್ಟು ಉದುರಿಸಿ ಅರ್ಧ ಗಂಟೆ ಬಿಟ್ಟು ಕೊಡವಬೇಕು. ರಕ್ತದ ಕಲೆಗೆ ತಣ್ಣೀರು, ಉಪ್ಪು. ಬಿಸಿನೀರು ಹಾಕಿದರೆ ಅದರ ಪ್ರೊಟೀನು ಮೊಟ್ಟೆ ಬೆಂದ ಹಾಗೆ ಬಟ್ಟೆಗೇ ಕಚ್ಚಿಕೊಳ್ಳುತ್ತೆ. ಬಿಳಿ ಹತ್ತಿ ಬಟ್ಟೆಯಾದರೆ ಉಳಿದ ಗುರುತಿಗೆ ಪೆರಾಕ್ಸೈಡ್. ರೇಷ್ಮೆಗೂ ಉಣ್ಣೆಗೂ ಸೋಡಾ ಸೋಕಿಸಬಾರದು. ಅವಕ್ಕೆ ಅಂಟುವಾಳವೇ ಸರಿ. ಹತ್ತು ಹನ್ನೆರಡು ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಲೀಟರ್ ನೀರಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ಆಯ್ತು. ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಬರುತ್ತೆ. ಯಾವುದನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣ ಬಿಡಲಿಲ್ಲ ಅಂದ ಮೇಲೆ ಮುಂದುವರಿಯಬೇಕು.

ಯೂಟ್ಯೂಬಿನಲ್ಲಿ ಎಲ್ಲರೂ ಅಡುಗೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದು ಬುಸ್ಸೆಂದು ನೊರೆ ಎಬ್ಬಿಸ್ತಾರೆ. ನೋಡೋಕೆ ಚೆಂದ. ಆದರೆ ಒಂದು ಕ್ಷಾರ, ಒಂದು ಆಮ್ಲ. ಎರಡೂ ಒಂದನ್ನೊಂದು ಹೊಡೆದು ಹಾಕಿ ಕೊನೆಗೆ ಉಳಿಯೋದು ಬಹುತೇಕ ಉಪ್ಪುನೀರಿನಂಥದ್ದು. ಬುಸ್ಸೆಂದದ್ದು ಇಂಗಾಲದ ಡೈಆಕ್ಸೈಡ್. ಎರಡನ್ನೂ ಬೇರೆ ಬೇರೆಯಾಗಿ ಬಳಸಿದರೆ ಕೆಲಸ ಮಾಡುತ್ತವೆ, ಒಟ್ಟಿಗೆ ಹಾಕಿದರೆ ಬರೀ ಸದ್ದು. ನಮ್ಮ ಆಫೀಸಿನ ಕೆಲವು ಮೀಟಿಂಗುಗಳ ನೆನಪಾಯ್ತು ನನಗೆ.

ಇಷ್ಟೆಲ್ಲ ಮಾಡುವಾಗ ಒಂದೊಂದು ಕಲೆಗೂ ಏನಾಗ್ತಿದೆ ಅಂತ ಓದುತ್ತಾ ಹೋದೆ. ಸೋಪಿನ ಕಣಕ್ಕೆ ಎರಡು ತುದಿ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ ಇಷ್ಟ. ಎಣ್ಣೆಯ ತುದಿ ಜಿಡ್ಡನ್ನು ಹಿಡಿದುಕೊಳ್ಳುತ್ತೆ, ನೀರಿನ ತುದಿ ಅದನ್ನು ಎಳೆದುಕೊಂಡು ಹೊರಡುತ್ತೆ. ಜಿಡ್ಡು ನಾಶ ಆಗೋದಿಲ್ಲ. ಬಟ್ಟೆಯಲ್ಲಿದ್ದದ್ದು ನೀರಿಗೆ ಬಂತು, ಅಷ್ಟೇ. ಪೆರಾಕ್ಸೈಡಿನ ಕೆಲಸ ಇನ್ನೂ ತಮಾಷೆ. ಅದು ಕಲೆಯ ಬಣ್ಣದ ಕಣವನ್ನು ಮುರಿದು ಬಣ್ಣವಿಲ್ಲದ ಹಾಗೆ ಮಾಡುತ್ತೆ. ವಸ್ತು ಅಲ್ಲೇ ಇದ್ದರೂ ಕಣ್ಣಿಗೆ ಕಾಣೋದಿಲ್ಲ. ಬಿಳಿ ಪಂಚೆಗೆ ನೀಲಿ ಹಾಕುತ್ತಿದ್ದದ್ದೂ ಹೀಗೇ. ಹಳದಿಯ ಮೇಲೆ ತುಸು ನೀಲಿ ಕೂರಿಸಿದರೆ ಕಣ್ಣಿಗೆ ಬಿಳಿ ಅನ್ನಿಸುತ್ತೆ. ಈಗಿನ ಡಿಟರ್ಜೆಂಟ್ ಪುಡಿಗಳಲ್ಲಿ ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕು ಬಿಡುವ ರಾಸಾಯನಿಕ ಸೇರಿಸಿರ್ತಾರೆ. ಫಳಫಳ ಹೊಳೆಯುವ ಅಂಗಿ ಉಳಿದ ಅಂಗಿಗಳಿಗಿಂತ ಶುಭ್ರವಾಗಿರಲೇಬೇಕು ಅಂತೇನೂ ಇಲ್ಲ.

ಅರಿಶಿನದ ಕಲೆಯಂತೂ ಪಾಠವೇ. ಹುಳಿ ಬಿದ್ದ ಜಾಗಕ್ಕೆ ಸೋಪು ಹಚ್ಚಿದರೆ ಹಳದಿ ಇದ್ದದ್ದು ಕೆಂಪಾಗುತ್ತೆ, ಎದೆ ಧಸಕ್ಕೆನ್ನುತ್ತೆ. ಹೆದರಬೇಕಾದ್ದಿಲ್ಲ. ಮದುವೆಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡ್ತಾರಲ್ಲ, ಅದೇ ರಸಾಯನಶಾಸ್ತ್ರ. ಕ್ಷಾರ ತಗುಲಿದರೆ ಅರಿಶಿನದ ಕರ್ಕ್ಯುಮಿನ್ ಕೆಂಪಾಗುತ್ತೆ, ವಿನೆಗರ್ ಅಥವಾ ನಿಂಬೆರಸ ತಗುಲಿದರೆ ಮತ್ತೆ ಹಳದಿ. ಅದಕ್ಕೆ ನಿಜವಾದ ಮದ್ದು ಬಿಸಿಲು. ಒಗೆದು ತಾರಸಿ ಮೇಲೆ ಎರಡು ದಿನ ಹರವಿದರೆ ಬಣ್ಣ ತಾನಾಗಿ ಕಳೆಗುಂದುತ್ತೆ. ಒಂದೇ ಕಲೆ ಒಂದು ಕಡೆ ಮಂಗಳದ ಓಕುಳಿ, ಇನ್ನೊಂದು ಕಡೆ ಅಂಗಿ ಕೆಟ್ಟಿತೆಂಬ ಸಂಕಟ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಕಲೆಗೆ ಡಿಲೀಟ್ ಅನ್ನುವ ಬಟನ್ ಇಲ್ಲ. ಮೂವ್ ಮಾಡಬಹುದು, ಹೈಡ್ ಮಾಡಬಹುದು. ನಾವು "ತೆಗೆದೆ" ಅನ್ನೋದೆಲ್ಲ ಈ ಎರಡರಲ್ಲಿ ಒಂದು. ಮೂವ್ ಅಂದಮೇಲೆ ಅದಕ್ಕೊಂದು ವಿಳಾಸ ಇರಲೇಬೇಕು.

ಮೊದಲ ವಿಳಾಸ ನೀರು. ಪಶ್ಚಿಮ ಬೆಂಗಳೂರಿನ ಬಹುಪಾಲು ಬಚ್ಚಲು ನೀರು ಇಳಿಜಾರು ಹಿಡಿದು ಸೇರೋದು ವೃಷಭಾವತಿಯನ್ನು. ಬಸವನ ಹೆಸರು ಹೊತ್ತ ಆ ನದಿ ಮೈಸೂರು ರಸ್ತೆಯ ಪಕ್ಕದಲ್ಲಿ ಹೇಗೆ ಹರಿಯುತ್ತೆ, ಹೇಗೆ ನಾರುತ್ತೆ ಅಂತ ಕೆಂಗೇರಿ ಕಡೆ ಓಡಾಡುವ ಎಲ್ಲರಿಗೂ ಗೊತ್ತು. ಅದು ಬಿಡದಿ ಹತ್ತಿರದ ಬೈರಮಂಗಲದ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತೆ. ಬೈರಮಂಗಲದ ಕೆರೆ ಕಟ್ಟಿದ್ದು ಬೇಸಾಯಕ್ಕೆ. ಈಗ ಅದರ ಕೋಡಿಯಲ್ಲಿ ನೊರೆ ಏಳುತ್ತೆ. ನಗರದ ಇನ್ನೊಂದು ದಿಕ್ಕಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು, 2015ರಲ್ಲಿ ಆ ನೊರೆಗೆ ಬೆಂಕಿ ಹೊತ್ತಿಕೊಂಡದ್ದನ್ನು ನಾವೆಲ್ಲ ವಾಟ್ಸ್ಆ್ಯಪಿನಲ್ಲಿ ನೋಡಿ ಮುಂದಕ್ಕೆ ಕಳಿಸಿದವರೇ. ಸಂಸ್ಕರಿಸದೆ ಬಿಟ್ಟ ಕೊಳಚೆ, ಕಾರ್ಖಾನೆಯ ನೀರು, ಜೊತೆಗೆ ಮನೆಮನೆಯ ಡಿಟರ್ಜೆಂಟು. ಆ ನೊರೆಯಲ್ಲಿ ನಮ್ಮ ನಿಮ್ಮ ಅಂಗಿಯ ಕಾಲರಿನ ಪಾಲೂ ಇತ್ತು. ಕಾಲರ್ ಬೆಳ್ಳಗಾದದ್ದು ನಮಗೆ, ನೊರೆ ಬಂದದ್ದು ಕೆಳಗಿನ ಊರಿನ ರೈತನ ಗದ್ದೆಗೆ.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಮನೆಯಲ್ಲಿ ಮಾಡಿದ್ದು ಅನ್ನುವ ಕಾರಣಕ್ಕೆ ಯಾವುದೂ ಪುಣ್ಯದ ನೀರಾಗೋದಿಲ್ಲ. ನನ್ನ ವಾಷಿಂಗ್ ಸೋಡಾ ಕೂಡ ಅದೇ ಚರಂಡಿಗೇ ಹೋಗೋದು. ಕ್ಷಾರ ಜಾಸ್ತಿಯಾದರೆ ಅದೂ ಮಣ್ಣನ್ನು ಚೌಳು ಮಾಡುತ್ತೆ. "ನ್ಯಾಚುರಲ್" ಅಂತ ಬೆನ್ನು ತಟ್ಟಿಕೊಳ್ಳೋದರಲ್ಲಿ ಅರ್ಥವಿಲ್ಲ. ವ್ಯತ್ಯಾಸ ಇರೋದು ಇಷ್ಟೇ: ಅಂಗಡಿಯ ಬಾಟಲಿಯಲ್ಲಿ ಎಷ್ಟು ಸುರಿದೆ ಅಂತ ಗೊತ್ತಾಗೋದಿಲ್ಲ, ಏನು ಸುರಿದೆ ಅಂತ ಮೊದಲೇ ಗೊತ್ತಿರೋದಿಲ್ಲ. ಚಮಚದಲ್ಲಿ ಅಳೆದು ಕಲಸುವಾಗ ಎರಡೂ ಗೊತ್ತಾಗುತ್ತೆ. ಗೊತ್ತಾದಮೇಲೆ ಕೈ ಸ್ವಲ್ಪ ಹಿಡಿತಕ್ಕೆ ಬರುತ್ತೆ.

ಎರಡನೇ ವಿಳಾಸ ಮನುಷ್ಯರ ಕೈ. ಇದೇ ನನಗೆ ಹೆಚ್ಚು ಕಾಡಿದ್ದು.

ನಮ್ಮೂರಿನಲ್ಲಿ ನಾನು ಚಿಕ್ಕವನಿದ್ದಾಗ ಮಡಿವಾಳರ ಒಂದು ಮನೆ ಇತ್ತು. ದಿನದ ಬಟ್ಟೆಯನ್ನು ಅವ್ವ ತಾನೇ ಒಗೆಯುತ್ತಿದ್ದಳು. ಆದರೆ ಹೆರಿಗೆಯಾದ ಮನೆಯ ಬಟ್ಟೆ, ಮೈನೆರೆದ ಹುಡುಗಿಯ ಬಟ್ಟೆ, ಸಾವಾದ ಮನೆಯ ಹಾಸಿಗೆ ಹೊದಿಕೆ ಇವೆಲ್ಲ ಅವರ ಪಾಲಿಗೆ. ನಮ್ಮ ಭಾಷೆ ಇಲ್ಲಿ ಬಲು ಎಚ್ಚರದಿಂದ ಪದ ಬಳಸುತ್ತೆ. ಮಣ್ಣಾದರೆ ಕೊಳೆ, ಸಾರು ಚೆಲ್ಲಿದರೆ ಕಲೆ, ಬಾಳೆ ಸೊನೆಯಾದರೆ ಕರೆ. ಆದರೆ ಹುಟ್ಟು ಸಾವು ಮುಟ್ಟು ತಾಗಿದರೆ ಮಾತ್ರ ಮೈಲಿಗೆ. ಕೊಳೆಗೆ ಸೋಪು ಸಾಕು. ಮೈಲಿಗೆಗೆ ಒಬ್ಬ ಮನುಷ್ಯ ಬೇಕು. ಅದನ್ನು ಹೊತ್ತುಕೊಂಡು ಹೋಗೋಕೆ.

ಆ ಮನುಷ್ಯ ಹೊತ್ತುಕೊಂಡು ಹೋದ, ಒಗೆದು ಮಡಿ ಮಾಡಿ ತಂದ. ಬಟ್ಟೆ ಶುದ್ಧವಾಯ್ತು. ಹಾಗಿದ್ದರೆ ಮೈಲಿಗೆ ಎಲ್ಲಿಗೆ ಹೋಯ್ತು? ಅವನಿಗೇ ಅಂಟಿತು ಅಂತ ಊರು ತೀರ್ಮಾನ ಮಾಡಿತ್ತು. ಜಾತ್ರೆಯಲ್ಲಿ ದೇವರು ಬರುವ ದಾರಿಗೆ ನಡೆಮಡಿ ಹಾಸಲು ಅವನೇ ಬೇಕು. ಅವನು ಒಗೆದ ಸೀರೆ ಪಂಚೆಯ ಮೇಲೆ ಹೆಜ್ಜೆಯಿಡದೆ ದೇವರು ಗುಡಿ ಸೇರುವಂತಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಆಯ ಅಂತ ನಾಲ್ಕು ಮೊರ ರಾಗಿ. ಆದರೆ ಹಬ್ಬದ ಊಟಕ್ಕೆ ಮಾತ್ರ ಜಗಲಿಯ ಕೆಳಗೆ ಕಾಯಬೇಕು. ದೇವರ ಪಾದಕ್ಕೆ ಆಗುವ ಬಟ್ಟೆ ಅವನ ಕೈಯಿಂದ ಬರಬಹುದು, ಆ ಕೈ ಮನೆಯ ಒಳಗೆ ಬರುವಂತಿಲ್ಲ. ಕಲೆ ತೆಗೆದವನನ್ನೇ ಕಲೆ ಅನ್ನುವ ಈ ಲೆಕ್ಕ ನನಗೆ ಆಗ ಅರ್ಥವಾಗಿರಲಿಲ್ಲ, ಈಗಲೂ ಜೀರ್ಣ ಆಗೋದಿಲ್ಲ.

ಇದು ಹಳ್ಳಿಯ ಕಥೆ, ನಗರದಲ್ಲಿ ಇವೆಲ್ಲ ಎಲ್ಲಿದೆ ಸ್ವಾಮಿ ಅಂತೀರಾ? ನಗರ ಈ ಏರ್ಪಾಟನ್ನು ತೆಗೆದಿಲ್ಲ, ಕಣ್ಣಿಂದ ದೂರ ಇಟ್ಟಿದೆ. ನಮ್ಮ ಬೀದಿಯಿಂದ ಬೆಳಿಗ್ಗೆ ಎಂಟಕ್ಕೆ ಮುಂಚೆ ಗುಂಪುಗುಂಪಾಗಿ ಹೆಂಗಸರು ಗಾರ್ಮೆಂಟ್ಸಿಗೆ ಹೊರಡ್ತಾರೆ. ಹೊಸ ಅಂಗಿ ಅಂಗಡಿಗೆ ಬರುವ ಮೊದಲೇ ಅದಕ್ಕೆ ಮಷಿನ್ ಎಣ್ಣೆಯ ಕಲೆ ಆಗಿರುತ್ತೆ, ಅದನ್ನು ಯಾರೋ ಒಬ್ಬರು ಸ್ಪಾಟಿಂಗ್ ಗನ್ ಹಿಡಿದು ದ್ರಾವಕ ಸಿಂಪಡಿಸಿ ತೆಗೆದಿರ್ತಾರೆ. ನಾವು ಅದನ್ನು "ಬ್ರ್ಯಾಂಡ್ ನ್ಯೂ" ಅಂತ ಕೊಳ್ತೀವಿ. ಡ್ರೈಕ್ಲೀನಿಂಗ್ ಅನ್ನುವ ಪದದಲ್ಲಿ ಡ್ರೈ ಇರೋದು ನೀರಿಲ್ಲ ಅನ್ನೋದಕ್ಕೆ ಮಾತ್ರ. ಬಟ್ಟೆ ಅಲ್ಲಿ ಮುಳುಗೋದು ದ್ರಾವಕದಲ್ಲಿ. ಸಣ್ಣ ಅಂಗಡಿಗಳಲ್ಲಿ ಪೆಟ್ರೋಲ್ ವಾಶ್ ಅಂತಲೇ ಹೇಳ್ತಾರೆ. ಜಗತ್ತಿನಾದ್ಯಂತ ಇದಕ್ಕೆ ಹೆಚ್ಚಾಗಿ ಬಳಕೆಯಾದ ಪರ್ಕ್ಲೋರೋಎಥಿಲೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಅದನ್ನು ಡ್ರೈಕ್ಲೀನಿಂಗಿನಿಂದ ಹಂತಹಂತವಾಗಿ ತೆಗೆಯುವ ನಿಯಮ ಬಂತು. ಕೋಟು ಹಾಕಿಕೊಂಡವನಿಗೆ ಆ ವಾಸನೆ ಒಂದು ಗಳಿಗೆ. ಒಗೆಯುವವನಿಗೆ ಇಡೀ ದಿನ.

ಇನ್ನು ಮನೆಯೊಳಗೆ. ಬಚ್ಚಲು ತೊಳೆಯೋಕೆ ಬರುವ ಅಕ್ಕನ ಕೈಗೆ ಒಂದು ಬ್ಲೀಚಿನ ಬಾಟಲಿ, ಒಂದು ಆ್ಯಸಿಡ್ಡಿನ ಬಾಟಲಿ ಕೊಟ್ಟು ನಾವು ಲಾಗಿನ್ ಆಗ್ತೀವಿ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ ಅಂತ ಲೇಬಲ್ಲಿನ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತೆ. ಬ್ಲೀಚಿಗೆ ವಿನೆಗರ್ ಸೇರಿದರೂ ಅದೇ ಅಪಾಯ. ಓದಬೇಕಾದವರಿಗೆ ಓದೋಕಾಗದ ಜಾಗದಲ್ಲಿ ಎಚ್ಚರಿಕೆ ಬರೆದಿಡೋದು ಎಂಥ ಎಚ್ಚರಿಕೆ?

ಈ ಜಾಗಕ್ಕೆ ಬಂದಾಗ ನನಗೆ ಮಡಿವಾಳ ಮಾಚಿದೇವ ನೆನಪಾಗ್ತಾನೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದವನು. ವಚನ ಬರೆದವನು. ಅವನ ಬಗ್ಗೆ ಜನ ಹೇಳಿಕೊಂಡು ಬಂದ ಕಥೆಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತೆ: ಅವನು ಎಲ್ಲರ ಬಟ್ಟೆಯನ್ನೂ ಮುಟ್ಟುತ್ತಿರಲಿಲ್ಲವಂತೆ. ಕಾಯಕ ಮಾಡಿ ಉಣ್ಣುವವರ ಬಟ್ಟೆಯನ್ನು ಮಾತ್ರ ಒಗೆಯುತ್ತಿದ್ದನಂತೆ. ದುಡಿಯದೆ ತಿನ್ನುವವರ ಬಟ್ಟೆ, ಅದು ಎಷ್ಟೇ ಬೆಲೆ ಬಾಳಲಿ, ಅವನಿಗೆ ಬೇಡ.

ಒಂದು ಕ್ಷಣ ನಿಂತು ಯೋಚಿಸಿ. ಊರು ಯಾರನ್ನು ಮುಟ್ಟಲು ಹಿಂಜರಿಯಿತೋ ಅವನೇ "ನಿಮ್ಮದನ್ನು ನಾನು ಮುಟ್ಟೋದಿಲ್ಲ" ಅಂತಿದ್ದಾನೆ. ಕಲೆ ಬೆವರಿನದ್ದೋ ರಕ್ತದ್ದೋ ಅಂತ ಅವನು ನೋಡಲಿಲ್ಲ. ಈ ಬಟ್ಟೆ ಯಾವ ದುಡಿಮೆಯಿಂದ ಬಂತು, ಇದನ್ನು ಉಟ್ಟವನು ತನ್ನ ಭಾರವನ್ನು ತಾನು ಹೊರುತ್ತಾನಾ ಅಂತ ನೋಡಿದ. ಹೆರಿಗೆ ಮುಟ್ಟು ಸಾವುಗಳನ್ನು ಮೈಲಿಗೆ ಎಂದ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ ಲೆಕ್ಕ. ಕೂಲಿ ಮಾಡಿದವನ ಅಂಗಿಯ ಬೆವರು ಇಲ್ಲಿ ಕಲೆಯೇ ಅಲ್ಲ. ತನ್ನ ಕೊಳೆಯನ್ನು ಸದಾ ಇನ್ನೊಬ್ಬನ ತಲೆಗೆ ದಾಟಿಸುವ ಸೌಕರ್ಯ ಇದೆಯಲ್ಲ, ಅದು ಕಲೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರ್ತೀನಿ. ನನ್ನ ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಕೇಳಿದವೇ ಇವು.

ಒಂದು, "ನನ್ನ ಒಂದು ಗಂಟೆಗೆ ಕಂಪನಿ ಇಷ್ಟು ಕೊಡುತ್ತೆ. ಆ ಗಂಟೆಯಲ್ಲಿ ಕೂತು ಸೋಫಾ ಒರೆಸೋದು ನಷ್ಟ ಅಲ್ವಾ?" ಲೆಕ್ಕ ಸರಿಯಾಗಿದೆ, ಆದರೆ ಅರ್ಧಕ್ಕೇ ನಿಂತಿದೆ. ನಾವು ಕೋಡ್ ಬರೆಯುವಾಗ ನಮ್ಮ ಮಷಿನ್ನಿನಲ್ಲಿ ಓಡಿತು ಅಂದರೆ ಸಾಲದು, ಪ್ರೊಡಕ್ಷನ್ನಿನಲ್ಲಿ ಏನಾಗುತ್ತೆ ಅಂತ ನೋಡಬೇಕು ಅಂತ ಜೂನಿಯರುಗಳಿಗೆ ಪಾಠ ಮಾಡ್ತೀವಿ. ಗಂಟೆಯ ಲೆಕ್ಕ ಹಾಕುವಾಗ ಮಾತ್ರ ನಮ್ಮ ಮಷಿನ್ನಿನಲ್ಲಿ ಓಡಿದರೆ ಸಾಕು ಅಂತೀವಿ. ದ್ರಾವಕ ಉಸಿರಾಡಿದವನ ಗಂಟೆ, ನೊರೆ ಬಂದ ಗದ್ದೆಯವನ ಗಂಟೆ ಆ ಲೆಕ್ಕದಲ್ಲಿ ಇಲ್ಲ. ಅದೂ ಅಲ್ಲದೆ, ವಾರಕ್ಕೆ ಹತ್ತು ನಿಮಿಷ ಕಲೆ ಒತ್ತಿ ತೆಗೆಯುವವನು ಆ ಹತ್ತು ನಿಮಿಷದಲ್ಲಿ ಕೋಟಿ ದುಡಿಯುತ್ತಿದ್ದ ಅಂತ ನನಗಂತೂ ನಂಬಿಕೆ ಇಲ್ಲ.

ಎರಡು, "ಎಲ್ಲರೂ ತಾವೇ ಮಾಡಿಕೊಂಡರೆ ಆ ಅಕ್ಕನ ಕೆಲಸ, ಇಸ್ತ್ರಿ ಅಣ್ಣನ ಕೆಲಸ ಹೋಗೋದಿಲ್ವಾ?" ಇದು ಗಟ್ಟಿ ಪ್ರಶ್ನೆ. ತಳ್ಳಿಹಾಕುವಂತಿಲ್ಲ. ಮಲ್ಲೇಶ್ವರದ ದೋಬಿಘಾಟಿನಂಥ ಜಾಗದಲ್ಲಿ ತಲೆಮಾರುಗಳಿಂದ ದುಡಿಯುತ್ತಿರುವವರಿಗೆ ನನ್ನ ತತ್ವಜ್ಞಾನದಿಂದ ಅನ್ನ ಸಿಗೋದಿಲ್ಲ. ನಾನು ಹೇಳ್ತಿರೋದು ಕೆಲಸ ಬಿಡಿಸಿ ಅಂತ ಅಲ್ಲ. ದುಡ್ಡಿಗೆ ಕೆಲಸ ಕೊಡೋದು ಬೇರೆ, ದುಡ್ಡು ಕೊಟ್ಟ ಮಾತ್ರಕ್ಕೆ ಆ ಕೆಲಸದ ಅಪಾಯ ನಮ್ಮದಲ್ಲ ಅಂದುಕೊಳ್ಳೋದು ಬೇರೆ. ನನ್ನ ಮನೆಯ ಕಲೆ ಇನ್ನೊಬ್ಬರ ಕೈಗೆ ಹೋಗುತ್ತೆ ಅಂದರೆ, ಆ ಕೈಗೆ ಗ್ಲೌಸು ಇದೆಯಾ, ಆ ಬಾಟಲಿಯಲ್ಲಿ ಏನಿದೆ ಅಂತ ಆ ಕೈಗೆ ಗೊತ್ತಾ, ಕಿಟಕಿ ತೆಗೆದಿದೆಯಾ ಅಂತ ಕೇಳುವ ಜವಾಬ್ದಾರಿ ನನ್ನದು. ಜಗಲಿಯ ಕೆಳಗೆ ನಿಲ್ಲಿಸಿದ ಕಾಲದಲ್ಲೂ ರಾಗಿ ಕೊಡ್ತಿದ್ದರು. ಕೂಲಿ ಕೊಟ್ಟ ಮಾತ್ರಕ್ಕೆ ಋಣ ತೀರೋದಿಲ್ಲ ಅಂತ ನನಗೆ ಅಲ್ಲಿಂದಲೇ ಗೊತ್ತು.

ಮೂರನೆಯದನ್ನು ನನ್ನ ಹೆಂಡತಿ ಕೇಳಿದ್ದು. "ಮನೆಯಲ್ಲೇ ಮಾಡಿಕೊಳ್ಳಬೇಕು ಅಂತ ಲೇಖನ ಬರೆಯೋರು ಗಂಡಸರು, ಮಾಡಿಕೊಳ್ಳೋರು ಯಾರು?" ಅವಳೂ ನನ್ನಷ್ಟೇ ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂರುವವಳು. ಸೋಡಾ ವಿನೆಗರಿನ ವೀಡಿಯೊಗಳನ್ನು ಗಮನಿಸಿ, "ಗೃಹಿಣಿಯರೇ" ಅಂತಲೇ ಶುರುವಾಗುತ್ತವೆ. ಅಗ್ಗ ಅನ್ನುವ ಪದದ ಹಿಂದೆ ಬಹಳ ಸಲ ಒಬ್ಬ ಹೆಂಗಸಿನ ಲೆಕ್ಕಕ್ಕಿಡದ ಸಮಯ ಇರುತ್ತೆ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ನಿಯಮ: ಯಾರು ಚೆಲ್ಲಿದರೋ ಅವರೇ ಒರೆಸಬೇಕು. ಅಂಟುವಾಳ ಕುದಿಸುವ ಪಾಳಿ ನನ್ನದು. ಈ ನಿಯಮ ಇಲ್ಲದಿದ್ದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಕಲೆಯನ್ನು ಅಕ್ಕನ ಕೈಯಿಂದ ತೆಗೆದು ಹೆಂಡತಿಯ ಕೈಗೆ ಮೂವ್ ಮಾಡಿದ ಕಥೆ ಆಗುತ್ತಿತ್ತು.

ಹಾಗಾದರೆ ಎಷ್ಟು ಸ್ವಚ್ಛವಾದರೆ ಸಾಕು? ಮನೆಯಲ್ಲಿ ನಾವೇ ದ್ರಾವಣ ಕಲಸೋಕೆ ಶುರುಮಾಡಿದ ಮೇಲೆ ಈ ಪ್ರಶ್ನೆಯೂ ತಾನಾಗಿ ಬರುತ್ತೆ. ಏಕೆಂದರೆ ಕೈ ನೋಯುತ್ತೆ! ಕೈ ನೋಯುವಾಗ ಈ ಕಲೆ ಹೋಗಲೇಬೇಕಾ ಅಂತ ಮನಸ್ಸು ಕೇಳುತ್ತೆ. ಕಲೆ ಒಳ್ಳೆಯದು ಅಂತ ಟಿವಿಯಲ್ಲಿ ಹೇಳುವವರು ಕಲೆ ತೆಗೆಯುವ ಪುಡಿ ಮಾರುವವರು. ಅವರ ಮಾತನ್ನು ಅಲ್ಲೇ ಬಿಡೋಣ. ಆದರೆ ಕೆಲವು ಕಲೆಗಳಿಗೆ ನಿಜಕ್ಕೂ ಉಳಿಯುವ ಹಕ್ಕಿದೆ.

ಹಿಂದೆ ಮಡಿವಾಳರು ಊರಿನ ಎಲ್ಲ ಬಟ್ಟೆಯ ಕಲೆ ತೆಗೆಯುತ್ತಿದ್ದರು, ಜೊತೆಗೆ ಪ್ರತಿ ಬಟ್ಟೆಯ ಮೂಲೆಯಲ್ಲಿ ತಾವೇ ಒಂದು ಕಲೆ ಮಾಡುತ್ತಿದ್ದರು. ಕರಿಗೇರಿನ ಸೊನೆಗೆ ಸುಣ್ಣ ತಾಗಿಸಿ ಒಂದು ಚುಕ್ಕಿಯೋ ಗೀಟೋ. ಎಷ್ಟು ಒಗೆದರೂ ಹೋಗದ ಕಪ್ಪು. ಅದನ್ನು ನೋಡಿ ಇದು ಇಂಥವರ ಮನೆಯದು ಅಂತ ತಲುಪಿಸುತ್ತಿದ್ದರು. ಇಂಗ್ಲಿಷಿನಲ್ಲಿ ಆ ಕಾಯಿಯನ್ನು ದೋಬಿ ನಟ್ ಅಂತಲೇ ಕರೆದರು. ಎಲ್ಲ ಗುರುತೂ ಅಳಿಸಿಬಿಟ್ಟರೆ ಬಟ್ಟೆ ತನ್ನ ಮನೆ ಸೇರೋದಿಲ್ಲ.

ಮೈಸೂರಿನಲ್ಲಿ ಒಂದು ಸರ್ಕಾರಿ ಕಾರ್ಖಾನೆ ಇದೆ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಹೋಗೋದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ, ಉಗುರಿಗೆ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತೆ. ನನ್ನ ಸೋಡಾ ವಿನೆಗರಿಗೆ ಅದು ಜಗ್ಗೋದಿಲ್ಲ, ಜಗ್ಗಬಾರದು. ಹೋಗದಿರೋದೇ ಅದರ ಕೆಲಸ. ನೂರು ಕೋಟಿ ದಾಟಿದ ಜನರ ದೇಶದಲ್ಲಿ ಒಬ್ಬರಿಗೆ ಒಂದೇ ಓಟು ಅನ್ನುವ ಮಾತು ಒಂದು ಕಲೆಯ ಮೇಲೆ ನಿಂತಿದೆ.

ನನ್ನ ಹತ್ತಿರವೂ ಒಂದು ಅಂಗಿ ಇದೆ. ತಿಳಿನೀಲಿ, ಎದೆಯ ಹತ್ತಿರ ಕಂದು ಬಣ್ಣದ ಬಾಳೆ ಕರೆ. ಅಪ್ಪನ ಜೊತೆ ಗೊನೆ ಕಡಿಯುವಾಗ ಆದದ್ದು. ಬಾಳೆ ಕರೆ ಹೋಗೋದಿಲ್ಲ ಅಂತ ಬಾಳೆ ಬೆಳೆಯುವವರಿಗೆಲ್ಲ ಗೊತ್ತು. ಬಿ.ಇ. ಓದುವಾಗ ಹಾಸ್ಟೆಲಿನಲ್ಲಿ ಆ ಕರೆ ನೋಡಿ, "ನೀವು ತೋಟದವರಾ?" ಅಂತ ಒಬ್ಬ ಕೇಳಿದ್ದ. ಅವನ ದನಿಯಲ್ಲಿ ಗೌರವ ಇತ್ತೋ ಗೇಲಿ ಇತ್ತೋ ಈಗ ನೆನಪಿಲ್ಲ. "ಹೌದು" ಅಂದಿದ್ದೆ. ಈಗಲೂ ಊರಿಗೆ ಹೋದಾಗ ಅದನ್ನೇ ಹಾಕಿಕೊಳ್ತೀನಿ. ಅದರ ಮೇಲೆ ನನ್ನ ಯಾವ ಬಾಟಲಿಯನ್ನೂ ಪ್ರಯೋಗಿಸಿಲ್ಲ.

ಇಷ್ಟೆಲ್ಲದರಿಂದ ಸಿಕ್ಕಿದ್ದು ಮೂರು ಪ್ರಶ್ನೆ. ಕಲೆ ಕಂಡ ತಕ್ಷಣ ಬಾಟಲಿಗೆ ಕೈ ಹಾಕುವ ಮೊದಲು ಕೇಳಿಕೊಳ್ಳೋಕೆ. ಇದು ಏನಿನ ಕಲೆ? ತೆಗೆದರೆ ಎಲ್ಲಿಗೆ, ಯಾರ ಕೈ ಹಾದು ಹೋಗುತ್ತೆ? ಇದು ಹೋಗಲೇಬೇಕಾ? ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ದುಡ್ಡು ಉಳಿಯುತ್ತೆ. ಎರಡನೆಯದಕ್ಕೆ ಸಿಕ್ಕರೆ ಅಳತೆ ಕಡಿಮೆಯಾಗುತ್ತೆ. ಮೂರನೆಯದಕ್ಕೆ ಸಿಕ್ಕರೆ ಎಷ್ಟೋ ಸಲ ಕೆಲಸವೇ ಉಳಿಯುತ್ತೆ. ಇದನ್ನು ಮಾಡಿದವರು ಸಂತರೇನೂ ಆಗೋದಿಲ್ಲ. ನೀರೂ ಕೈಗಳೂ ಇನ್ನೂ ಬೇಕೇ ಬೇಕು. ಆದರೆ ನಮ್ಮ ಕಲೆ ಯಾವ ದಾರಿ ಹಿಡಿದು ಹೋಯ್ತು ಅನ್ನೋದು ನಮಗೆ ಗೊತ್ತಿರುತ್ತೆ. ಗೊತ್ತಿದ್ದವನು ಆ ದಾರಿಯಲ್ಲಿ ಇರುವವರನ್ನು ಜಗಲಿಯ ಕೆಳಗೆ ನಿಲ್ಲಿಸೋದು ಸ್ವಲ್ಪ ಕಷ್ಟ.

ನೀವೂ ಮಾಡಿಕೊಳ್ಳೋದಾದರೆ ಕೊನೆಯದಾಗಿ ಒಂದು ಮಾತು. ದ್ರಾವಣವನ್ನು ಹಳೆಯ ನೀರಿನ ಬಾಟಲಿಗೆ, ಜ್ಯೂಸಿನ ಬಾಟಲಿಗೆ ಮಾತ್ರ ತುಂಬಿಸಬೇಡಿ. ಮಕ್ಕಳು ಕುಡಿದುಬಿಡ್ತಾರೆ. ಬೇರೆ ಬಾಟಲಿಗೆ ತುಂಬಿ, ಮೇಲೆ ಒಂದು ಚೀಟಿ ಅಂಟಿಸಿ: ಒಳಗೆ ಏನಿದೆ, ಯಾವತ್ತು ಮಾಡಿದ್ದು, ಯಾವುದರ ಜೊತೆ ಸೇರಿಸಬಾರದು. ಕನ್ನಡದಲ್ಲಿ ಬರೆಯಿರಿ, ದಪ್ಪ ಅಕ್ಷರದಲ್ಲಿ. ಅಕ್ಷರ ಬಾರದವರು ಬಳಸುವುದಾದರೆ ಒಂದು ಸಲ ಪಕ್ಕದಲ್ಲಿ ನಿಂತು ಓದಿ ಹೇಳಿ.